ಕಡಲ ತಳದ ಕಲಗಚ್ಚು: ಸಮುದ್ರ ಸೌತೆಗೆ ಮೇವು ಹುಡುಕಿದ ಕಥೆ

 

ದನ ಕಟ್ಟಿದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕ ಒಂದು ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ ತಿಳಿ, ತರಕಾರಿ ಸಿಪ್ಪೆ, ಮೇಲೊಂದು ಹಿಡಿ ತೌಡು, ಎಲ್ಲವೂ ಅದಕ್ಕೇ. ಹಳೇ ಮೈಸೂರು ಕಡೆ ಇದನ್ನ ಕಲಗಚ್ಚು ಅಂತಾರೆ, ಕರಾವಳಿ–ಮಲೆನಾಡಿನಲ್ಲಿ ಅಕ್ಕಚ್ಚು ಅಂತಾರೆ. ಅಡುಗೆಮನೆಗೆ ಬೇಡವಾದದ್ದು ಹಸುವಿಗೆ ಮೇವು. ಇವತ್ತಿಗೂ ಬೆಂಗಳೂರಿನ ಸುತ್ತಮುತ್ತಲ ಹೈನುಗಾರರು ಬಿಯರ್ ಕಾರ್ಖಾನೆಯಿಂದ ಬಾರ್ಲಿ ಚರಟ ತಂದು ಹಸುಗಳಿಗೆ ಹಾಕ್ತಾರೆ. ಅದೂ ಕಲಗಚ್ಚೇ, ಸ್ವಲ್ಪ ದೊಡ್ಡ ಅಡುಗೆಮನೆಯದ್ದು.

ಇದೇ ಲೆಕ್ಕಾಚಾರವನ್ನು ಸಮುದ್ರದ ತಳದಲ್ಲಿರುವ ಒಂದು ಪ್ರಾಣಿಗೆ ಅನ್ವಯಿಸಿದರೆ ಏನಾಗುತ್ತೆ? ಆ ಪ್ರಾಣಿಯ ಹೆಸರು ಸಮುದ್ರ ಸೌತೆ. ಆಹಾರ ಉದ್ಯಮದ ಉಳಿಕೆಗಳನ್ನು, ಅಂದರೆ ಹಿಂಡಿ, ತೌಡು, ಮದ್ಯದ ಗಸಿ, ಪಾಚಿ ಕಾರ್ಖಾನೆಯ ಚರಟ, ಇವನ್ನೆಲ್ಲ ಈ ಪ್ರಾಣಿಗೆ ತಿನ್ನಿಸುವ ಪ್ರಯತ್ನ ಪೂರ್ವ ಏಷ್ಯಾದಲ್ಲಿ ಕೆಲವು ದಶಕಗಳಿಂದ ನಡೆದಿದೆ. ಆ ಪ್ರಯತ್ನ ಯಾಕೆ ಬೇಕಾಯಿತು ಅನ್ನುವುದರ ಹಿಂದೆ ಒಂದು ದೊಡ್ಡ ಇತಿಹಾಸ ಇದೆ. ಅದರಲ್ಲಿ ನಮ್ಮ ದೇಶದ ತೂತುಕುಡಿಗೂ ಒಂದು ಮುಖ್ಯ ಪಾತ್ರ ಇದೆ.

ಬಾಯಿ ಇರುವ ಕೊಳವೆ

ಹೆಸರು ಸೌತೆ ಅಂತಿದ್ದರೂ ಇದು ತರಕಾರಿ ಅಲ್ಲ, ಮೀನೂ ಅಲ್ಲ. ನಕ್ಷತ್ರ ಮೀನಿನ ದಾಯಾದಿ. ಮೆತ್ತಗೆ, ಉದ್ದಕ್ಕೆ, ಚರ್ಮ ಒರಟು. ತಮಿಳಿನಲ್ಲಿ ಇದನ್ನ ‘ಕಡಲ್ ಅಟ್ಟೈ’, ಅಂದ್ರೆ ಕಡಲ ಜಿಗಣೆ ಅಂತಾರೆ. ಜಗತ್ತಿನಲ್ಲಿ ಸುಮಾರು 1,700 ಪ್ರಭೇದಗಳಿವೆ.

ನಮ್ಮ ಕಥೆಗೆ ಬೇಕಾದ್ದು ಇದರ ಊಟದ ರೀತಿ. ಬಾಯಿಯ ಸುತ್ತ ಚಿಕ್ಕ ಚಿಕ್ಕ ಸ್ಪರ್ಶಾಂಗಗಳಿರುತ್ತವೆ. ಅವುಗಳಿಂದ ಸಮುದ್ರದ ತಳದ ಕೆಸರು, ಮರಳನ್ನು ಬಾಚಿ ಬಾಯಿಗೆ ಹಾಕಿಕೊಳ್ಳುತ್ತೆ. ಆ ಕೆಸರಲ್ಲಿ ಸತ್ತ ಪಾಚಿಯ ಚೂರು, ಬೇರೆ ಜೀವಿಗಳ ಹಿಕ್ಕೆ, ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾ, ಸೂಕ್ಷ್ಮ ಸಸ್ಯಗಳಿರುತ್ತವೆ. ಅಷ್ಟನ್ನು ಅರಗಿಸಿಕೊಂಡು ಮರಳನ್ನು ಹಿಂದಿನಿಂದ ಬಿಡುತ್ತೆ. ಹೊಲದಲ್ಲಿ ಎರೆಹುಳು ಮಾಡುವ ಕೆಲಸವೇ ಇದು. ಇದು ಓಡಾಡಿದ ಕಡೆ ತಳದ ಮಣ್ಣು ಅಡಿಮೇಲಾಗುತ್ತೆ, ಕೊಳೆತದ್ದು ಕರಗಿ ಮತ್ತೆ ಪಾಚಿಗಳಿಗೆ ಗೊಬ್ಬರವಾಗುತ್ತೆ. ಅಂದರೆ ಬೇರೆಯವರ ಉಳಿಕೆ ತಿಂದು ಬದುಕುವುದು ಇದಕ್ಕೆ ನಾವು ಕಲಿಸಿದ ಪಾಠ ಅಲ್ಲ, ಹುಟ್ಟುಗುಣ.

ಕಡಲ ಜಿನ್‌ಸೆಂಗ್‌ಗಾಗಿ

ಚೀನಾದಲ್ಲಿ ಇದರ ಹೆಸರು ಹಾಯ್‌ಶೆನ್, ಅಂದರೆ ಸಮುದ್ರದ ಜಿನ್‌ಸೆಂಗ್. ಔಷಧಿ ಅಂತ, ಔತಣದ ಊಟ ಅಂತ ಅಲ್ಲಿ ಇದಕ್ಕೆ ಶತಮಾನಗಳ ಬೇಡಿಕೆ. ಆ ಬೇಡಿಕೆ ಎಷ್ಟು ದೂರದ ತನಕ ಕೈಚಾಚಿತ್ತು ಅನ್ನೋದಕ್ಕೆ ಒಂದು ಉದಾಹರಣೆ. 1803ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಸುತ್ತ ನಕ್ಷೆ ಬರೆಯುತ್ತಾ ಹೊರಟಿದ್ದ ಮ್ಯಾಥ್ಯೂ ಫ್ಲಿಂಡರ್ಸ್, ಅಲ್ಲಿನ ಉತ್ತರ ಕರಾವಳಿಯಲ್ಲಿ ಪೊಬಾಸೊ ಎಂಬ ನಾವಿಕನ ದೋಣಿಗಳನ್ನು ಕಂಡ. ಈಗಿನ ಇಂಡೋನೇಷ್ಯಾದ ಮಕಸ್ಸರ್ ಕಡೆಯಿಂದ ಬಂದ ಜನ ಅವರು. 60 ದೋಣಿ, ಸುಮಾರು 1,000 ಜನ ಬಂದಿದ್ದೇವೆ ಅಂತ ಫ್ಲಿಂಡರ್ಸ್‌ಗೆ ತಿಳಿಸಿದರು. ಬಂದದ್ದು ಸಮುದ್ರ ಸೌತೆ ಹಿಡಿದು, ಬೇಯಿಸಿ, ಒಣಗಿಸಿ ಚೀನಾದ ವ್ಯಾಪಾರಿಗಳಿಗೆ ಮಾರಲು. ಆ ಯಾತ್ರೆ 1907ರ ತನಕ ನಡೆಯಿತು.

ನಮ್ಮ ಕಡೆ ಈ ವ್ಯಾಪಾರದ ಕೇಂದ್ರ ಮನ್ನಾರ್ ಕೊಲ್ಲಿ ಮತ್ತು ಪಾಲ್ಕ್ ಕೊಲ್ಲಿ. ರಾಮನಾಥಪುರ, ತೂತುಕುಡಿ ಭಾಗದ ಮೀನುಗಾರರು ಮುಳುಗು ಹಾಕಿ ಇದನ್ನು ಹಿಡಿಯುತ್ತಿದ್ದರು. ಕರುಳು ತೆಗೆದು ಬೇಯಿಸಿ, ಮರಳಿನಲ್ಲಿ ಹೂತು, ಮೇಲಿನ ಸುಣ್ಣದ ಪದರ ಕೊಳೆತ ಮೇಲೆ ಉಜ್ಜಿ ತೊಳೆದು, ಮತ್ತೆ ಬೇಯಿಸಿ ಬಿಸಿಲಿಗೆ ಹಾಕುತ್ತಿದ್ದರು. ಭಾರತದಲ್ಲಿ ಇದನ್ನು ತಿನ್ನುವ ರೂಢಿ ಇಲ್ಲ, ಎಲ್ಲವೂ ರಫ್ತಿಗೆ. ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ 1917ರಲ್ಲಿ ಈ ಉದ್ಯಮದ ಇತಿಹಾಸದ ಬಗ್ಗೆಯೇ ಒಂದು ವರದಿ ಬರೆದರು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದ್ದೇ, ಇದೇ ಇಲಾಖೆಯ ಕೆಳಗೇ ಇತ್ತು.

ಹಿಡಿಯುವುದು ಸುಲಭ, ಓಡಿಹೋಗುವ ಪ್ರಾಣಿಯಲ್ಲ. ಬೆಲೆ ಮಾತ್ರ ಏರುತ್ತಲೇ ಹೋಯಿತು. ಹೀಗಾದಾಗ ಏನಾಗುತ್ತೆ ಅನ್ನೋದು ಗೊತ್ತೇ ಇದೆ. ದೊಡ್ಡವು ಖಾಲಿಯಾದವು, ಚಿಕ್ಕವನ್ನೂ ಬಿಡಲಿಲ್ಲ. 1982ರಲ್ಲಿ ಕೇಂದ್ರ ಸರ್ಕಾರ 3 ಇಂಚಿಗಿಂತ ಚಿಕ್ಕ ಒಣಗಿದ ಸಮುದ್ರ ಸೌತೆಯ ರಫ್ತನ್ನು ನಿಷೇಧಿಸಿತು. 2001ರಲ್ಲಿ ಇಡೀ ವರ್ಗವನ್ನೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಿತು. ಅಂದರೆ ಹುಲಿ, ಆನೆಗೆ ಇದ್ದ ರಕ್ಷಣೆಯೇ ಆಗ ಇದಕ್ಕೂ ಸಿಕ್ಕಿತು.

ತೂತುಕುಡಿಯ ತೊಟ್ಟಿಗಳು

ಈ ಎರಡು ತಾರೀಕುಗಳ ನಡುವೆ, 1988ರಲ್ಲಿ, ಒಂದು ದೊಡ್ಡ ಕೆಲಸ ಆಯಿತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತೂತುಕುಡಿ ಕೇಂದ್ರದಲ್ಲಿ ಡಿ.ಬಿ. ಜೇಮ್ಸ್ ಮತ್ತು ಸಂಗಡಿಗರು, ಹೊಲೊಥೂರಿಯಾ ಸ್ಕೇಬ್ರಾ ಎಂಬ ಪ್ರಭೇದವನ್ನು ತೊಟ್ಟಿಯಲ್ಲಿ ಮೊಟ್ಟೆ ಇಡಿಸಿ, ಮರಿ ಮಾಡಿ ಬೆಳೆಸಿದರು. ಉಷ್ಣವಲಯದ ಸಮುದ್ರಗಳಲ್ಲಿ ಸಿಗುವ, ಅತಿ ಹೆಚ್ಚು ಬೆಲೆಯ ಪ್ರಭೇದಗಳಲ್ಲಿ ಇದೂ ಒಂದು. ಈ ಪ್ರಭೇದವನ್ನು ಹೀಗೆ ಬೆಳೆಸಿದ್ದು ಜಗತ್ತಿನಲ್ಲೇ ಅದು ಮೊದಲು.

ಮರಿ ಹುಟ್ಟಿದ ಮೇಲೆ ಊಟದ ಪ್ರಶ್ನೆ ಬರಬೇಕಲ್ಲ? ತೇಲುವ ಹಂತದಲ್ಲಿ ಸೂಕ್ಷ್ಮ ಪಾಚಿ ಸಾಕು. ತಳಕ್ಕೆ ಕೂತ ಮೇಲೆ ಮೇಯಲು ಏನಾದರೂ ಬೇಕು. ತೂತುಕುಡಿಯಲ್ಲಿ ಕೊಟ್ಟದ್ದು ಸಾರ್ಗಾಸಮ್ ಎಂಬ ಕಂದು ಕಡಲ ಪಾಚಿಯನ್ನು ರುಬ್ಬಿ ಸೋಸಿದ ರಸ. ಈ ಪಾಚಿಯ ಹೆಸರನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಚೀನಾಕ್ಕೆ ಹೋದಾಗ ಮತ್ತೆ ಸಿಗುತ್ತೆ.

ಜೇಮ್ಸ್ ಅವರಿಗೆ ಇನ್ನೊಂದು ಯೋಚನೆಯೂ ಬಂತು. 1990ರ ದಶಕ ಅಂದರೆ ಪೂರ್ವ ಕರಾವಳಿಯಲ್ಲಿ ಸಿಗಡಿ ಸಾಕಣೆಯ ಭರಾಟೆ. ಸಿಗಡಿ ಹೊಂಡದ ತಳದಲ್ಲಿ ತಿಂದು ಬಿಟ್ಟ ಮೇವು, ಹಿಕ್ಕೆ ಎಲ್ಲ ಕೊಳೆತು ಕಪ್ಪು ಕೆಸರಾಗುತ್ತಿತ್ತು. ಅದನ್ನು ಹೊರಗೆ ಬಿಟ್ಟರೆ ಊರವರ ಜಗಳ, ಒಳಗೇ ಬಿಟ್ಟರೆ ಸಿಗಡಿಗೆ ರೋಗ. ಆ ಕೆಸರೇ ಸಮುದ್ರ ಸೌತೆಗೆ ಹಬ್ಬದೂಟ ಅಲ್ವಾ? ಹಾಗಂತ ಸಿಗಡಿ ಸಾಕಣೆ ಹೊಂಡಗಳಲ್ಲಿ ಮರಿಗಳನ್ನು ಬೆಳೆಸುವ ಪ್ರಯೋಗಗಳು ತೂತುಕುಡಿಯಲ್ಲಿ ನಡೆದವು. ಉಳಿಕೆಯನ್ನು ಮೇವಾಗಿ ನೋಡುವ ಯೋಚನೆ ಹೀಗೆ ನಮ್ಮಲ್ಲೇ ಬಹಳ ಮೊದಲು ಚಿಗುರಿತ್ತು. 2001ರ ನಿಷೇಧ ಬಂದಾಗ ಅದು ಸಾಕಣೆಯಾಗಿ ಬೆಳೆಯುವ ದಾರಿ ಇಲ್ಲಿ ಮುಚ್ಚಿತು. ಮರಿ ಮಾಡುವ ವಿದ್ಯೆ ಮಾತ್ರ ವಿಯೆಟ್ನಾಂ, ಮಡಗಾಸ್ಕರ್, ಪೆಸಿಫಿಕ್ ದ್ವೀಪಗಳಲ್ಲಿ ಮುಂದುವರಿಯಿತು.

ಇಲಿಬಾಲದ ಪಾಚಿ ಮುಗಿದಾಗ

ಈಗ ಚೀನಾದ ಉತ್ತರಕ್ಕೆ ಹೋಗೋಣ. ಲಿಯಾವೊನಿಂಗ್ ಮತ್ತು ಶಾಂಡೊಂಗ್ ಪ್ರಾಂತ್ಯಗಳ ತಣ್ಣನೆ ಸಮುದ್ರ. ಇಲ್ಲಿಯ ಪ್ರಭೇದ ಬೇರೆ, ಹೆಸರು ಅಪೊಸ್ಟಿಕೋಪಸ್ ಜಪೋನಿಕಸ್, ಮೈತುಂಬಾ ಮುಳ್ಳಿನಂಥ ಗುಬುಟುಗಳು. 1980ರ ದಶಕದ ಮಧ್ಯದ ಹೊತ್ತಿಗೆ ಚೀನಾದ ವಿಜ್ಞಾನಿಗಳು ಇದರ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದನ್ನು ಕಲಿತರು. 1993ರ ಸುಮಾರಿಗೆ ಅಲ್ಲಿನ ಸಿಗಡಿ ಸಾಕಣೆ ವೈರಸ್ ರೋಗದಿಂದ ನೆಲಕಚ್ಚಿತು. ಖಾಲಿ ಬಿದ್ದ ಹೊಂಡಗಳಿಗೆ ರೈತರು ಸಮುದ್ರ ಸೌತೆ ಬಿಟ್ಟರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಚೀನಾದ ಸಾಕಣೆ ಉತ್ಪಾದನೆ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಮುಟ್ಟಿತು.

ಇಷ್ಟು ಹೊಟ್ಟೆಗಳಿಗೆ ಏನು ಹಾಕೋದು? ದೊಡ್ಡ ಹೊಂಡಗಳಲ್ಲಿ ತಾವಾಗಿ ಬೆಳೆದ ಪಾಚಿಯನ್ನೇ ಅವು ಮೇಯುತ್ತವೆ. ತೊಟ್ಟಿಯಲ್ಲಿ ಒತ್ತೊತ್ತಾಗಿ ಬೆಳೆಯುವ ಮರಿಗಳಿಗೆ ಮಾತ್ರ ಮೇವು ಹೊರಗಿನಿಂದಲೇ ಬರಬೇಕು. ಅಲ್ಲಿನ ಸಾಕಣೆದಾರರು ಅತ್ಯುತ್ತಮ ಅಂತ ನಂಬಿದ್ದು ಸಾರ್ಗಾಸಮ್ ಥುನ್‌ಬರ್ಗಿ ಎಂಬ ಪಾಚಿಯನ್ನು. ಚೀನೀ ಭಾಷೆಯಲ್ಲಿ ಅದಕ್ಕೆ ಇಲಿಬಾಲದ ಪಾಚಿ ಅಂತ ಹೆಸರು. ಅದನ್ನು ಬಂಡೆಗಳಿಂದ ಕಿತ್ತು, ಒಣಗಿಸಿ, ಪುಡಿ ಮಾಡಿ, ಸಮುದ್ರದ ಮಣ್ಣಿನ ಜೊತೆ ಕಲಸಿ ಮರಿಗಳಿಗೆ ಹಾಕುತ್ತಿದ್ದರು.

ಸಮಸ್ಯೆ ಎಲ್ಲಿದೆ ನೋಡಿ. ಕಾಡು ಸಮುದ್ರ ಸೌತೆ ಬರಿದಾಗುತ್ತಿದೆ ಅಂತ ಸಾಕಣೆ ಶುರುವಾಯಿತು. ಸಾಕಣೆ ಬೆಳೆದಂತೆ ಬಂಡೆಯ ಮೇಲಿನ ಪಾಚಿ ಬರಿದಾಗತೊಡಗಿತು. ಆ ಪಾಚಿಯಲ್ಲೇ ಮೀನಿನ ಮರಿಗಳು, ಏಡಿ, ಶಂಖದ ಹುಳುಗಳು ಬದುಕೋದು. ಅಂದರೆ ಲೂಟಿ ನಿಲ್ಲಲಿಲ್ಲ, ಒಂದು ಮೆಟ್ಟಿಲು ಕೆಳಗೆ ಇಳಿಯಿತು ಅಷ್ಟೇ. ಪಾಚಿ ಅಪರೂಪವಾದಂತೆ ಬೆಲೆಯೂ ಏರಿತು. ಉಳಿಕೆಗಳ ಕಡೆ ಕಣ್ಣು ಹೋಗಿದ್ದು ಈ ಬಿಕ್ಕಟ್ಟಿನಿಂದ. ಪರಿಸರದ ಕಾಳಜಿ ಇರಲಿಲ್ಲ ಅಂತಲ್ಲ, ಆದರೆ ಮೊದಲು ತಟ್ಟಿದ್ದು ಜೇಬಿಗೆ.

ಮೊದಲ ಉತ್ತರ ಪಕ್ಕದ ಕಾರ್ಖಾನೆಯಲ್ಲೇ ಇತ್ತು. ಕೆಲ್ಪ್ ಅನ್ನೋ ದೊಡ್ಡ ಕಂದು ಪಾಚಿ ಚೀನಾದ ಮೂಲದ್ದಲ್ಲ. 1920ರ ದಶಕದಲ್ಲಿ ಜಪಾನಿನಿಂದ ಡಾಲಿಯನ್ ಬಂದರಿಗೆ ಬಂದದ್ದು. 1950ರ ದಶಕದಲ್ಲಿ ಝೆಂಗ್ ಚೆಂಗ್‌ಕುಯಿ ಮುಂತಾದ ವಿಜ್ಞಾನಿಗಳು ಅದನ್ನು ತೇಲುವ ಹಗ್ಗಗಳ ಮೇಲೆ ಬೇಸಾಯ ಮಾಡುವುದನ್ನು ಬೆಳೆಸಿದರು. ಊಟಕ್ಕೂ ಅಯೋಡಿನ್‌ಗೂ ಅದೇ ಆಧಾರವಾಯಿತು. ಆಮೇಲೆ ಅದರಿಂದ ಆಲ್ಜಿನೇಟ್ ತೆಗೆಯುವ ಉದ್ಯಮ ಬೆಳೆಯಿತು. ಐಸ್‌ಕ್ರೀಮ್ ಗಟ್ಟಿಯಾಗಿ ನಿಲ್ಲೋಕೆ ಹಾಕುವ ಅಂಟು ಇದೇ. ಊಟದ ಕೆಲ್ಪ್ ಕತ್ತರಿಸುವಾಗ ಅಂಚು–ಬುಡ ಉಳಿಯುತ್ತೆ, ಆಲ್ಜಿನೇಟ್ ತೆಗೆದ ಮೇಲೆ ಚರಟ ಉಳಿಯುತ್ತೆ. ಕೆಲ್ಪಿನ ಪುಡಿ, ಕೆಲ್ಪಿನ ಉಳಿಕೆ ಎರಡೂ ಇಲಿಬಾಲದ ಪಾಚಿಯ ಜಾಗಕ್ಕೆ ಬಂದವು. ಜೊತೆಗೆ ಎಣ್ಣೆ ತೆಗೆದ ಸೋಯಾ ಹಿಂಡಿ, ಗೋಧಿ ಬೂಸಾ, ಅಕ್ಕಿ ತೌಡು, ಮೆಕ್ಕೆಜೋಳದಿಂದ ಮದ್ಯಸಾರ ಇಳಿಸಿದ ಮೇಲೆ ಉಳಿಯುವ ಚರಟ. ನಮ್ಮ ಯಾವುದೇ ಪಶು ಆಹಾರದ ಅಂಗಡಿಗೆ ಹೋದರೂ ಇವುಗಳಲ್ಲಿ ಅರ್ಧ ಸಿಗುತ್ತೆ.

ಮಕ್ಕೊಲಿಯ ಗಸಿ

ಈ ಕಥೆಯಲ್ಲಿ ಅತ್ಯಂತ ಕುತೂಹಲದ ಅಧ್ಯಾಯ ದಕ್ಷಿಣ ಕೊರಿಯಾದ್ದು. ಮಕ್ಕೊಲಿ ಅಂದರೆ ಅಕ್ಕಿ ಹುಳಿಯಿಸಿ ಮಾಡುವ, ಮಜ್ಜಿಗೆ ಬಣ್ಣದ ಮದ್ಯ. ಹುಳಿ ಬಂದದ್ದನ್ನು ಸೋಸಿದಾಗ ಜರಡಿಯಲ್ಲಿ ಗಸಿ ಉಳಿಯುತ್ತೆ. ಕೊರಿಯಾ ಯುದ್ಧದ ನಂತರದ ಬಡತನದ ವರ್ಷಗಳಲ್ಲಿ ಆ ಗಸಿಯನ್ನೇ ತಂದು ಹಸಿವು ನೀಗಿಸಿಕೊಂಡ ಮನೆಗಳಿದ್ದವು. 1960ರ ದಶಕದಲ್ಲಿ ಅಕ್ಕಿಯ ಕೊರತೆ ಎಷ್ಟಿತ್ತೆಂದರೆ ಮಕ್ಕೊಲಿಗೆ ಅಕ್ಕಿ ಬಳಸುವುದನ್ನೇ ಸರ್ಕಾರ ನಿಷೇಧಿಸಿತು. ದಶಕಕ್ಕೂ ಹೆಚ್ಚು ಕಾಲ ಅದನ್ನು ಗೋಧಿಯಲ್ಲಿ ಮಾಡಿದರು.

ದೇಶ ಶ್ರೀಮಂತವಾದ ಮೇಲೆ ಚಿತ್ರ ಉಲ್ಟಾ ಆಯಿತು. 2010ರ ಆಸುಪಾಸು ಮಕ್ಕೊಲಿ ಮತ್ತೆ ಫ್ಯಾಷನ್ ಆಯಿತು, ಜಪಾನಿಗೂ ರಫ್ತಾಯಿತು. ಮದ್ಯ ಹೆಚ್ಚಾದರೆ ಗಸಿಯೂ ಹೆಚ್ಚು. ಈಗ ಅದನ್ನು ತಿನ್ನುವವರಿಲ್ಲ. ನೀರಿನಂಶ ಜಾಸ್ತಿ, ಬೇಗ ಕೊಳೆಯುತ್ತೆ, ಎಲ್ಲಿ ಹಾಕೋದು? ಕೊರಿಯಾ 2005ರಲ್ಲಿ ಆಹಾರ ತ್ಯಾಜ್ಯವನ್ನು ನೇರವಾಗಿ ನೆಲದಲ್ಲಿ ಹೂಳುವುದನ್ನು ನಿಷೇಧಿಸಿತ್ತು. ಆಹಾರ ತ್ಯಾಜ್ಯದ ಕೊಳೆನೀರನ್ನು ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯುವುದು ಮಾತ್ರ ನಡೆದೇ ಇತ್ತು. 2013ರಲ್ಲಿ ಅದಕ್ಕೂ ತಡೆ ಬಿತ್ತು.

ಅದೇ 2013ರಲ್ಲಿ ಕೊರಿಯಾದ ಸಂಶೋಧಕರು ಒಂದು ಪ್ರಬಂಧ ಪ್ರಕಟಿಸಿದರು. ಮಕ್ಕೊಲಿಯ ಗಸಿಯನ್ನು ಒಣಗಿಸಿ, ಮೇವಿನಲ್ಲಿ ಬೆರೆಸಿ ಸಮುದ್ರ ಸೌತೆಯ ಮರಿಗಳಿಗೆ ಕೊಟ್ಟು ನೋಡಿದ್ದರು. ಮರಿಗಳ ಬೆಳವಣಿಗೆಗೆ ಇದು ಉಪಯುಕ್ತ ಅನ್ನುವುದು ಅವರ ತೀರ್ಮಾನ. ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ ಇರಬಹುದು. ಆದರೆ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತೆ. ಅಡುಗೆಮನೆಯ ಉಳಿಕೆಯನ್ನು ಸಮುದ್ರಕ್ಕೆ ಸುಮ್ಮನೆ ಸುರಿದರೆ ಅದು ಮಾಲಿನ್ಯ. ಅದನ್ನೇ ಒಣಗಿಸಿ, ಅಳೆದು, ತಿನ್ನಬಲ್ಲ ಪ್ರಾಣಿಯ ಮುಂದೆ ಇಟ್ಟರೆ ಮೇವು. ವಸ್ತು ಒಂದೇ, ನಡುವೆ ಇರೋದು ಅಳತೆ ಮತ್ತು ಕೆಲಸ.

ಹೊಟ್ಟೆ ಕಸದ ಬುಟ್ಟಿ ಅಲ್ಲ

‘ತ್ಯಾಜ್ಯ ತಿನ್ನಿಸಿ ಕೋಟಿ ಗಳಿಸಿ’ ಅನ್ನೋ ಥರದ ಮಾತುಗಳು ಇಂಥ ಕಡೆ ಬೇಗ ಹುಟ್ಟಿಕೊಳ್ಳುತ್ತವೆ. ಹಾಗಾಗಿ ಸೋತ ಪ್ರಯೋಗಗಳನ್ನೂ ಹೇಳಬೇಕು.

ತೂತುಕುಡಿಯಲ್ಲಿ ಹುಟ್ಟಿದ ಆ ಯೋಚನೆ, ಸಿಗಡಿ ಮತ್ತು ಸಮುದ್ರ ಸೌತೆ ಒಂದೇ ಹೊಂಡದಲ್ಲಿ ಅನ್ನೋದು, ಬೇರೆ ಕಡೆಯೂ ಪರೀಕ್ಷೆಗೆ ಒಳಗಾಯಿತು. ಪೆಸಿಫಿಕ್‌ನ ನ್ಯೂ ಕ್ಯಾಲಿಡೋನಿಯಾದಲ್ಲಿ ನಡೆದ ಪ್ರಯೋಗದ ವರದಿ 2007ರಲ್ಲಿ ಬಂತು. ಅಲ್ಲಿನ ನೀಲಿ ಸಿಗಡಿಯ ಜೊತೆ ಇದನ್ನು ಬೆಳೆಸುವುದು ಸಾಧ್ಯವಿಲ್ಲ ಅಂತ ಪ್ರಬಂಧದ ಶೀರ್ಷಿಕೆಯಲ್ಲೇ ಬರೆದರು. ಊಟ ಇದ್ದರೆ ಸಾಲದು, ಊಟದ ಜಾಗದಲ್ಲಿ ಬದುಕಲೂ ಆಗಬೇಕು. ತಳದ ಕೆಸರು ಅತಿಯಾಗಿ ಕೊಳೆತರೆ ಆಮ್ಲಜನಕ ಇಲ್ಲದೆ, ಕೊಳೆ ತಿನ್ನುವ ಪ್ರಾಣಿಯೇ ಮೊದಲು ಸಾಯುತ್ತೆ.

ಎರಡನೆಯದು ಪ್ರೋಟೀನ್. ಕೋಳಿಗೆ, ಮೀನಿಗೆ ಹಿಂಡಿ ಹೆಚ್ಚು ಹಾಕಿದಷ್ಟೂ ಲಾಭ ಅಂತ ಲೆಕ್ಕ ಇರಬಹುದು. ಸಮುದ್ರ ಸೌತೆಯ ಕರುಳು ಮರಳಿನ ನಡುವೆ ಚೂರುಪಾರು ಹುಡುಕುವುದಕ್ಕೆ ಒಗ್ಗಿಕೊಂಡದ್ದು. ಸೋಯಾ ಹಿಂಡಿ ಜಾಸ್ತಿಯಾದರೆ ಉಳಿದದ್ದು ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತೆ. ಅದಕ್ಕೇ ಚೀನಾದ ಸಾಕಣೆದಾರರು ಮೇವಿನ ಜೊತೆ ಸಮುದ್ರದ ಮಣ್ಣು ಬೆರೆಸೋದನ್ನ ಬಿಟ್ಟಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅಬಲೋನ್ ಎಂಬ ಚಿಪ್ಪುಜೀವಿಯ ಸಾಕಣೆಯಿಂದ ಬರುವ ತ್ಯಾಜ್ಯವನ್ನು ಹೊಲೊಥೂರಿಯಾ ಸ್ಕೇಬ್ರಾಕ್ಕೆ ಕೊಟ್ಟು ನೋಡಿದ ಸಂಶೋಧಕರು, ಅದಕ್ಕೆ ಪಿಷ್ಟ ಸೇರಿಸಿದರು. ಪಿಷ್ಟ ಬಿದ್ದರೆ ತಳದ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅವು ಕೊಳೆಯಲ್ಲಿನ ಸಾರಜನಕವನ್ನು ಹಿಡಿದಿಡುತ್ತವೆ, ಆ ಬ್ಯಾಕ್ಟೀರಿಯಾಗಳನ್ನು ಸಮುದ್ರ ಸೌತೆ ತಿನ್ನುತ್ತೆ. ಗೊಬ್ಬರದ ಗುಂಡಿಯಲ್ಲಿ ಸಗಣಿಯ ಜೊತೆ ಒಣ ಎಲೆ ಬೆರೆಸಬೇಕು ಅಂತ ನಮ್ಮ ರೈತರು ಹೇಳೋದೂ ಇದೇ ಲೆಕ್ಕ.

ಮೂರನೆಯದು ಋತು. ಚೀನಾ, ಕೊರಿಯಾದ ಪ್ರಭೇದ ಬೇಸಿಗೆಯಲ್ಲಿ ನೀರು ಬಿಸಿಯಾದರೆ ಊಟ ಬಿಟ್ಟು ನಿದ್ದೆಗೆ ಜಾರುತ್ತೆ, ಕರುಳು ಕೂಡ ಸಣ್ಣಗಾಗುತ್ತೆ. ಕಾರ್ಖಾನೆ ಆ ತಿಂಗಳುಗಳಲ್ಲಿ ನಿಲ್ಲುವುದಿಲ್ಲ, ಚರಟ ಬರುತ್ತಲೇ ಇರುತ್ತೆ. 2018ರ ಬೇಸಿಗೆಯ ಬಿಸಿಗಾಳಿಗೆ ಲಿಯಾವೊನಿಂಗ್‌ನ ಹೊಂಡಗಳಲ್ಲಿ ಇವು ರಾಶಿ ರಾಶಿ ಸತ್ತವು. ಅಂಥ ನೀರಿಗೆ ಮೇವು ಸುರಿದರೆ ವಿಷ ಸುರಿದಂತೆಯೇ.

ಮತ್ತೆ, ಉಳಿಕೆಯಲ್ಲಿ ಏನೇನಿದೆ ಅನ್ನೋ ಪ್ರಶ್ನೆ. ಕಡಲ ಪಾಚಿ ನೀರಿನಲ್ಲಿರುವ ಭಾರಲೋಹಗಳನ್ನು ಹೀರಿಕೊಳ್ಳುತ್ತೆ. ಕಾರ್ಖಾನೆಯ ಚರಟದಲ್ಲಿ ರಾಸಾಯನಿಕಗಳ ಅಂಶ ಉಳಿದಿರಬಹುದು. ಕೊನೆಗೆ ಇದನ್ನು ಮನುಷ್ಯರೇ ತಿನ್ನೋದು, ಅದೂ ಔಷಧಿ ಅಂತ ನಂಬಿ.

ನಮ್ಮ ಕಡಲಿನ ಪ್ರಶ್ನೆ

ಇಷ್ಟೆಲ್ಲ ಆದಮೇಲೆ ಮತ್ತೆ ಮನ್ನಾರ್ ಕೊಲ್ಲಿಗೆ ಬರೋಣ. ಭಾರತದಲ್ಲಿ ಸಮುದ್ರ ಸೌತೆ ಹಿಡಿಯುವುದು ಅಪರಾಧ. ರಾಮೇಶ್ವರದಿಂದ ಸುಮಾರು 30 ಕಿಲೋಮೀಟರ್ ನೀರು ದಾಟಿದರೆ ಶ್ರೀಲಂಕಾ, ಅಲ್ಲಿ ಪರವಾನಗಿ ಇದ್ದರೆ ಹಿಡಿಯಬಹುದು, ಸಾಕಲೂಬಹುದು. ಹಾಗಾಗಿ ಆ ನಡುವಿನ ನೀರು ಕಳ್ಳಸಾಗಣೆಯ ದಾರಿಯಾಗಿದೆ. 2020ರಲ್ಲಿ ಲಕ್ಷದ್ವೀಪ ಆಡಳಿತ ಚೆರಿಯಪಾಣಿಯಲ್ಲಿ 239 ಚದರ ಕಿಲೋಮೀಟರ್‌ನ ಸಮುದ್ರ ಸೌತೆ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿತು, ಜಗತ್ತಿನಲ್ಲೇ ಮೊದಲನೆಯದು ಅಂತ. ಲಕ್ಷದ್ವೀಪದ ಅಮೀನಿದಿವಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಹಾಗಾಗಿ ಇದು ನಮಗೆ ತೀರಾ ದೂರದ ಸುದ್ದಿಯೂ ಅಲ್ಲ.

ನಿಷೇಧ ಬೇಕಿತ್ತಾ ಅಂದರೆ, ಬೇಕಿತ್ತು. ಕಾಡು ಸಮುದ್ರ ಸೌತೆಗೆ ಉಸಿರಾಡಲು ಸಮಯ ಬೇಕಿತ್ತು. ಆದರೆ ಮುಳುಗು ಹಾಕಿ ಬದುಕುತ್ತಿದ್ದ ಕುಟುಂಬಗಳಿಗೆ ಹಿಡಿದದ್ದು, ಸಾಕಿದ್ದು ಎರಡೂ ಕಾಯ್ದೆಯ ಕಣ್ಣಿಗೆ ಒಂದೇ ಅನ್ನೋದು ಅರ್ಥವಾಗದ ಸಂಗತಿ. ಸಾಕಣೆಗೆ ಅವಕಾಶ ಕೊಡಿ ಅನ್ನೋ ಬೇಡಿಕೆ ಅಲ್ಲಿ ಹಳೆಯದು. ಸಾಕಿದ್ದರ ಹೆಸರಲ್ಲಿ ಕಾಡಿನದ್ದು ಸಾಗಿಹೋಗುತ್ತೆ ಅನ್ನೋ ಭಯವೂ ಅಷ್ಟೇ ನಿಜ.

ಆ ಬಾಗಿಲು ಮುಂದೆ ಯಾವತ್ತಾದರೂ ತೆರೆದರೆ, ಚೀನಾದ ಇಲಿಬಾಲದ ಪಾಚಿಯ ಪಾಠ ನಮ್ಮ ಮುಂದೆ ಇರಬೇಕು. ಮನ್ನಾರ್ ಕೊಲ್ಲಿಯ ಬಂಡೆಗಳ ಮೇಲೂ ಸಾರ್ಗಾಸಮ್ ಇದೆ. ಮರಿಗಳನ್ನು ಸಾಕೋಕೆ ಅದನ್ನೇ ಕೀಳುತ್ತಾ ಹೋದರೆ ಒಂದು ಜೀವಿಯನ್ನು ಉಳಿಸಿ ಹತ್ತು ಜೀವಿಗಳ ಮನೆ ಕಿತ್ತಂತೆ. ಬದಲಿಗೆ ತೌಡು, ಹಿಂಡಿ, ಪಾಚಿ ಕಾರ್ಖಾನೆಯ ಚರಟ ಇವೆಲ್ಲ ನಮ್ಮ ದೇಶದಲ್ಲೂ ಇವೆ. ಯಾವುದು, ಎಷ್ಟು, ಯಾವ ಹದದಲ್ಲಿ ಅನ್ನೋದನ್ನ ಮೊದಲು ತೊಟ್ಟಿಯಲ್ಲಿ ನೋಡಿ, ಆಮೇಲೆ ಕಡಲಿಗೆ ಹೋಗಬೇಕು.

ಕೊಟ್ಟಿಗೆಯ ಬಾನಿ ನೋಡಿಕೊಳ್ಳುತ್ತಿದ್ದ ಅಜ್ಜಿಯರಿಗೆ ಇದು ಗೊತ್ತಿತ್ತು. ಕಲಗಚ್ಚು ಅಂತ ಸಿಕ್ಕಿದ್ದೆಲ್ಲ ಬಾನಿಗೆ ಹಾಕುತ್ತಿರಲಿಲ್ಲ. ಹಳಸಿದ್ದು ಬೇರೆ, ಹುಳಿ ಬಂದದ್ದು ಬೇರೆ, ಗಬ್ಬದ ಹಸುವಿಗೆ ಏನು, ಕರುವಿಗೆ ಏನು ಅಂತ ನೋಡಿಯೇ ಹಾಕುತ್ತಿದ್ದರು. ಕಡಲ ತಳದ ಹಸುವಿಗೂ ಅಷ್ಟು ಎಚ್ಚರ ಸಾಕು, ಅದಕ್ಕಿಂತ ಕಡಿಮೆ ಆಗಬಾರದು.